ಮಕ್ಕಳ ತೋಟಕ್ಕೆ ವಸಂತ ಬಂದಾಗ

ಮಗುವಿಗೆ ಮೂರು ವರ್ಷ ತುಂಬುತ್ತಿದ್ದಂತೆಯೇ ನಗರದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಎಲ್.ಕೆ.ಜಿ.ಗೆ ಎಲ್ಲಿ ಸೇರಿಸುವುದು?’ ತಂದೆ ಕಚೇರಿಯಲ್ಲಿ ವಿಚಾರಿಸುತ್ತಾನೆ; ತಾಯಿ ನೆರೆಮನೆಯಲ್ಲಿ ವಿಚಾರಿಸುತ್ತಾಳೆ; ಅಜ್ಜ ಅಜ್ಜಿಯರು ತಮ್ಮ ಕಾಲದ ಕೂಲಿಮಠದ ಕಥೆ ತೆಗೆಯುತ್ತಾರೆ. ದಿನಕ್ಕೆ ಹತ್ತು ಸಲ ನಾಲಗೆಯ ಮೇಲೆ ಹೊರಳುವ ಈ ಮೂರಕ್ಷರಗಳಲ್ಲಿ ಕೊನೆಯದಾದ ‘ಜಿ’ ಎಂಬುದರ ಮುಂದೆ ಒಂದು ಗಳಿಗೆ ನಿಂತು ಯೋಚಿಸುವವರು ಮಾತ್ರ ವಿರಳ. ಅದು ‘ಗಾರ್ಟನ್’, ಜರ್ಮನ್ ನುಡಿಯಲ್ಲಿ ತೋಟ. ‘ಕಿಂಡರ್’ ಎಂದರೆ ಮಕ್ಕಳು. ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ.

ಹೆಸರು ಕೇಳಲು ಇಂಪಾಗಿದೆ. ಮಕ್ಕಳೇ ಹೂಗಳು, ಉಪಾಧ್ಯಾಯಿನಿಯೇ ತೋಟಗಾತಿ ಎಂಬ ಕವಿಸಮಯವೂ ಅದರೊಡನೆ ಬೆಳೆದುಬಂದಿದೆ. ಆದರೆ ಈ ಹೆಸರನ್ನಿಟ್ಟವನು ಬರಿಯ ಉಪಮಾನದಿಂದ ತೃಪ್ತನಾದವನಲ್ಲ. ಅವನ ಶಾಲೆಯಲ್ಲಿ ನಿಜವಾದ ಮಣ್ಣಿನ ತೋಟವೇ ಇರಬೇಕಾಗಿತ್ತು. ಅದರಲ್ಲಿ ಮಕ್ಕಳೇ ಅಗೆದು, ಬಿತ್ತಿ, ನೀರೆರೆದು, ಕಾದು, ಕೊಯ್ಯಬೇಕಾಗಿತ್ತು. ತೋಟವಿಲ್ಲದ ಕಿಂಡರ್‌ಗಾರ್ಟನ್ ಅವನ ದೃಷ್ಟಿಯಲ್ಲಿ ಬಾವಿಯಿಲ್ಲದ ರಾಟೆಯಂತೆ. ಇಂದು ಅದೇ ಹೆಸರಿನ ಎಷ್ಟೋ ಶಾಲೆಗಳಲ್ಲಿ ಮೇಜು ಉಂಟು, ಕುರ್ಚಿ ಉಂಟು, ಗೋಡೆಯ ಮೇಲೆ ಬಣ್ಣದ ಹೂವಿನ ಚಿತ್ರವೂ ಉಂಟು. ಹಿಡಿ ಮಣ್ಣು ಮಾತ್ರ ಇಲ್ಲ. ಹೆಸರು ಉಳಿದು ವಸ್ತು ಕಳೆದುಹೋದದ್ದು ಹೇಗೆ, ಅದನ್ನು ಮರಳಿ ತರಲು ಸಾಧ್ಯವೆ ಎಂಬುದು ಮಕ್ಕಳುಳ್ಳ ಪ್ರತಿಯೊಂದು ಮನೆಗೂ ಸಂಬಂಧಿಸಿದ ಸಂಗತಿ. ಅದನ್ನು ಯೋಚಿಸಲು ವಸಂತಕ್ಕಿಂತ ಒಳ್ಳೆಯ ಕಾಲವಿಲ್ಲ.

ತಾಯಿಯಿಲ್ಲದ ಮಗು, ಮನೆಯ ಹಿತ್ತಿಲು

ಜರ್ಮನಿಯ ನಡುಭಾಗದಲ್ಲಿ ತುರಿಂಗಿಯಾ ಎಂಬ ಕಾಡು ಬೆಟ್ಟಗಳ ಸೀಮೆಯುಂಟು. ಅಲ್ಲಿಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯ ಪಾದ್ರಿಯೊಬ್ಬನ ಮನೆಯಲ್ಲಿ ೧೭೮೨ರ ಏಪ್ರಿಲ್ ೨೧ರಂದು, ವಸಂತದ ದಿನಗಳಲ್ಲೇ, ಫ್ರೀಡ್ರಿಖ್ ಫ್ರೋಬೆಲ್ ಜನಿಸಿದನು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆಗೆ ಊರ ಭಕ್ತರ ಯೋಗಕ್ಷೇಮವೇ ಸಾಕಷ್ಟಾಗಿತ್ತು. ಮಲತಾಯಿಯ ಮಮತೆ ದೊರೆಯದ ಆ ಹುಡುಗನಿಗೆ ಮನೆಯ ತೋಟವೇ ಜೊತೆಗಾರನಾಯಿತು. ಗಿಡದ ಬುಡದಲ್ಲಿ ಕುಳಿತು ಹೂವಿನ ಎಸಳನ್ನು ಎಣಿಸುತ್ತ, ಎಲೆಯ ನರಗಳನ್ನು ನೋಡುತ್ತ ಅವನು ಬೆಳೆದನು. ಹದಿನೈದನೆಯ ವಯಸ್ಸಿನಲ್ಲಿ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿಯಲು ಹೋದಾಗ ಕಾಡೇ ಅವನ ಪಾಠಶಾಲೆಯಾಯಿತು.

ಮುಂದೆ ಅವನ ಬದುಕು ಹಲವು ತಿರುವುಗಳನ್ನು ಕಂಡಿತು. ೧೮೦೫ರಲ್ಲಿ ಫ್ರಾಂಕ್‌ಫರ್ಟ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಸ್ವಿಟ್ಜರ್ಲೆಂಡಿನ ಈವೆರ್ಡಾನ್ ಪಟ್ಟಣದಲ್ಲಿ ಮಕ್ಕಳಿಗೆ ವಸ್ತುಗಳ ಮೂಲಕ ಪಾಠ ಹೇಳುತ್ತಿದ್ದ ಪೆಸ್ಟಲೋಜಿಯ ಬಳಿಗೆ ಹೋಗಿ, ಆ ಪದ್ಧತಿಯನ್ನು ಕಣ್ಣಾರೆ ಕಂಡನು. ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಸ್ಫಟಿಕಗಳನ್ನು ವಿಂಗಡಿಸುವ ಕೆಲಸವನ್ನೂ ಮಾಡಿದನು. ಕಲ್ಲಿನೊಳಗೆ ಸಹ ಒಂದು ನಿಯಮ ಅಡಗಿ ಬೆಳೆಯುತ್ತದೆಂಬುದು ಅವನಿಗೆ ಅಲ್ಲಿ ಹೊಳೆಯಿತು. ಗಿಡಕ್ಕೊಂದು ಒಳನಿಯಮ, ಹರಳಿಗೊಂದು ಒಳನಿಯಮ ಇರುವುದಾದರೆ ಮಗುವಿಗೂ ಒಂದು ಇರಬೇಡವೆ? ಶಿಕ್ಷಕನ ಕೆಲಸ ಅದನ್ನು ಹೊರಗಿನಿಂದ ತುಂಬುವುದಲ್ಲ, ಒಳಗಿನಿಂದ ಅರಳಲು ಎಡೆಮಾಡಿಕೊಡುವುದು. ಇದೇ ಅವನ ಜೀವನದ ತತ್ತ್ವವಾಯಿತು.

೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಅವನು ಶಾಲೆಗೆ ಹೋಗುವ ವಯಸ್ಸಾಗದ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. ಅದಕ್ಕೆ ಏನೆಂದು ಹೆಸರಿಡುವುದೆಂಬುದೇ ಬಹುಕಾಲ ಬಗೆಹರಿಯಲಿಲ್ಲ. ‘ಶಾಲೆ’ ಎಂಬ ಪದ ಅವನಿಗೆ ಬೇಡ. ಮಕ್ಕಳನ್ನು ಕಾಯುವ ‘ಮನೆ’ ಎಂಬುದೂ ಸಾಲದು. ಗೆಳೆಯರೊಡನೆ ಗುಡ್ಡದ ದಾರಿಯಲ್ಲಿ ನಡೆಯುತ್ತಿದ್ದಾಗ, ಕೆಳಗೆ ಕಣಿವೆಯ ಹಸುರು ಹರಡಿಕೊಂಡಿದ್ದುದನ್ನು ಕಂಡು ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಹೊಳೆಯಿತೆಂದು ಅವನ ಸಂಗಡಿಗರು ನೆನೆದಿದ್ದಾರೆ. ೧೮೪೦ರ ಜೂನ್ ೨೮ರಂದು ಆ ಹೆಸರಿನಲ್ಲಿ ಸಂಸ್ಥೆ ವಿಧಿವತ್ತಾಗಿ ಸ್ಥಾಪಿತವಾಯಿತು. ಆಗ ಅವನಿಗೆ ಐವತ್ತೆಂಟು ವರ್ಷ.

ಒಬ್ಬೊಬ್ಬರಿಗೆ ಒಂದೊಂದು ಪಾತಿ

ಫ್ರೋಬೆಲ್ ಯೋಜಿಸಿದ ತೋಟದ ವಿನ್ಯಾಸವನ್ನು ನೋಡಿದರೆ ಅವನ ಮನಸ್ಸು ಅರ್ಥವಾಗುತ್ತದೆ. ನಡುವೆ ಮಕ್ಕಳ ಸ್ವಂತ ಪಾತಿಗಳು: ಪ್ರತಿ ಮಗುವಿಗೂ ಒಂದು ಪುಟ್ಟ ಚೌಕ ನೆಲ. ಸ್ಥಳ ಸಾಲದಿದ್ದರೆ ಇಬ್ಬರಿಗೆ ಒಂದು. ಅವುಗಳ ಸುತ್ತಲೂ ಎಲ್ಲರಿಗೂ ಸೇರಿದ ಪಾತಿಗಳು. ಅಲ್ಲಿ ಒಂದು ಕಡೆ ಹೂಗಿಡಗಳು, ಇನ್ನೊಂದು ಕಡೆ ಧಾನ್ಯ ತರಕಾರಿಗಳು. ಗಿಡಗಳಿಗೆ ಹೆಸರಿನ ಪಟ್ಟಿ. ಮಗುವಿನ ಪಾತಿಗೆ ಮಗುವಿನ ಹೆಸರು. ಸ್ವಂತ ಪಾತಿಯಲ್ಲಿ ಮಗು ತನಗೆ ತೋಚಿದ್ದನ್ನು ಬೆಳೆಯಬಹುದು. ತಪ್ಪಿದರೆ ತಪ್ಪಿನ ಫಲವನ್ನೂ ಕಾಣಬಹುದು. ಸಾಮಾನ್ಯ ಪಾತಿಯಲ್ಲಿ ಮಾತ್ರ ಎಲ್ಲರೂ ಕೂಡಿ, ಕ್ರಮವರಿತು ದುಡಿಯಬೇಕು. ಸುತ್ತಲಿನ ಸಮಷ್ಟಿ ನಡುವಿನ ವ್ಯಕ್ತಿಯನ್ನು ಕಾಯಬೇಕೆಂಬ ಅರ್ಥವನ್ನು ಅವನು ಆ ನಕ್ಷೆಯಲ್ಲೇ ಅಡಗಿಸಿದ್ದನು.

ತುರಿಂಗಿಯಾದ ಚಳಿಗಾಲ ದೀರ್ಘವಾದದ್ದು. ಹಿಮ ಕರಗಿ, ನೆಲ ಮೆತ್ತಗಾಗಿ, ಗುದ್ದಲಿಗೆ ಮಣ್ಣು ಸಿಕ್ಕುವುದು ವಸಂತದಲ್ಲಿಯೇ. ಆದಕಾರಣ ಅಲ್ಲಿಯ ಮಕ್ಕಳಿಗೆ ವಸಂತವೆಂದರೆ ಬಿತ್ತನೆಯ ಹಬ್ಬ. ನಾಲ್ಕು ವರ್ಷದ ಮಗು ಬಟಾಣಿಯ ಕಾಳನ್ನು ಬೆರಳಿನಿಂದ ಮಣ್ಣಿಗೆ ಒತ್ತುತ್ತದೆ. ಮರುದಿನವೇ ಬಂದು ಅಗೆದು ನೋಡುತ್ತದೆ, ಏನೂ ಇಲ್ಲ. ಎರಡನೆಯ ದಿನವೂ ಅಗೆದರೆ ಕಾಳು ಕೆಡುತ್ತದೆ. ಪಕ್ಕದ ಪಾತಿಯ ಮಗು ಅಗೆಯಲಿಲ್ಲ. ಅಲ್ಲಿ ಹಸುರು ಕೊಕ್ಕೊಂದು ಮಣ್ಣನ್ನು ಮೇಲೆತ್ತಿದೆ. ತಾಳ್ಮೆಯೆಂಬ ಗುಣವನ್ನು ಕುರಿತು ನೂರು ನೀತಿಕಥೆ ಹೇಳಿದರೂ ಮೂಡದ ತಿಳಿವಳಿಕೆ ಆ ಎರಡು ಪಾತಿಗಳ ನಡುವಣ ಗೇಣು ದೂರದಲ್ಲಿ ಮೂಡುತ್ತದೆ.

ಇದನ್ನೇ ಇಂದು ‘ಕೈಯಾರೆ ಕಲಿಯುವುದು’ ಎನ್ನುತ್ತಾರೆ. ಪುಸ್ತಕದಲ್ಲಿ ‘ಬೀಜ ಮೊಳೆಯುತ್ತದೆ’ ಎಂಬುದು ಒಂದು ವಾಕ್ಯ. ಮಗುವಿನ ಕೈಯಲ್ಲಿ ಅದು ಒಂದು ಸಂಭವ. ಅದಕ್ಕೆ ಕಾಯಬೇಕು, ಹೆದರಬೇಕು, ಹಿಗ್ಗಬೇಕು. ಗಿಡ ಬಾಡಿದರೆ ಉಪಾಧ್ಯಾಯಿನಿ ಬೈಯಬೇಕಾಗಿಲ್ಲ, ಗಿಡವೇ ಹೇಳುತ್ತದೆ.

ಚೆಂಡು, ಕಂಬ, ಘನ

ಮಳೆಯೋ ಹಿಮವೋ ಬಿದ್ದು ತೋಟಕ್ಕೆ ಹೋಗಲಾಗದ ದಿನಗಳಲ್ಲಿಯೂ ಕೈಗೆ ಕೆಲಸ ಬೇಕಷ್ಟೆ. ಅದಕ್ಕಾಗಿ ಫ್ರೋಬೆಲ್ ಕೆಲವು ಆಟಿಕೆಗಳನ್ನು ರೂಪಿಸಿ ಅವಕ್ಕೆ ‘ಕೊಡುಗೆಗಳು’ ಎಂದು ಹೆಸರಿಟ್ಟನು. ಮೊದಲನೆಯದು ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು. ಎರಡನೆಯದು ಮರದಲ್ಲಿ ಮಾಡಿದ ಗೋಲ, ಕಂಬ, ಘನ. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಒಂದು ದೊಡ್ಡ ಘನ. ಮುಂದಿನವು ಇನ್ನಷ್ಟು ಸೂಕ್ಷ್ಮವಾದ ಭಾಗಗಳುಳ್ಳವು. ಇವುಗಳ ಜೊತೆಗೆ ಕಾಗದ ಮಡಿಸುವುದು, ಪಟ್ಟಿಗಳನ್ನು ಹೆಣೆಯುವುದು, ಜೇಡಿಮಣ್ಣಿನಲ್ಲಿ ರೂಪಿಸುವುದು, ನೆನೆಸಿದ ಬಟಾಣಿ ಕಾಳುಗಳಿಗೆ ಸಣ್ಣ ಕಡ್ಡಿ ಚುಚ್ಚಿ ಮನೆ ಮಂಟಪ ಕಟ್ಟುವುದು ಮೊದಲಾದ ಕೆಲಸಗಳಿದ್ದವು.

ಅಮೆರಿಕದ ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ನ ತಾಯಿ ೧೮೭೬ರಲ್ಲಿ ಫಿಲಡೆಲ್ಫಿಯಾ ನಗರದ ಮಹಾ ಪ್ರದರ್ಶನದಲ್ಲಿ ಈ ಕೊಡುಗೆಗಳನ್ನು ಕಂಡು ಮಗನಿಗೆ ತಂದುಕೊಟ್ಟಳು. ಆ ನುಣುಪಾದ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಿಂದ ಎಂದೂ ಅಳಿಯಲಿಲ್ಲವೆಂಬ ಅರ್ಥದ ಮಾತನ್ನು ಅವನು ಮುಪ್ಪಿನಲ್ಲಿ ಬರೆದುಕೊಂಡಿದ್ದಾನೆ. ಎಲ್ಲ ಮಕ್ಕಳೂ ವಾಸ್ತುಶಿಲ್ಪಿಗಳಾಗುವುದಿಲ್ಲ, ನಿಜ. ಆದರೆ ಕೈಗೆ ಬಂದ ಜ್ಞಾನ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಇದರಲ್ಲಿ ದೇಹಧರ್ಮದ ಕಾರಣವೂ ಉಂಟು. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಮಗು ಹುಟ್ಟಿದಾಗ ಅವೆಲ್ಲವೂ ಸಾಮಾನ್ಯವಾಗಿ ಮೆದುವಾದ ಮೃದ್ವಸ್ಥಿಯ ಸ್ಥಿತಿಯಲ್ಲಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಗೊಳ್ಳತೊಡಗುತ್ತವೆ. ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಕೆಲವು ಮಾತ್ರ ಆ ಹಂತಕ್ಕೆ ಬಂದಿರುತ್ತವೆ. ಕೊನೆಯದರ ಸರದಿ ಬರುವುದು ಎಂಟು ವರ್ಷ ದಾಟಿದ ಮೇಲೆ. ಅಂಥ ಕೈಗೆ ಸೀಸದಕಡ್ಡಿ ಕೊಟ್ಟು ಪುಟಗಟ್ಟಲೆ ‘ಅ ಆ ಇ ಈ’ ಬರೆಸಿದರೆ ಮಗು ಬರೆಯುವುದು ಅಕ್ಷರವನ್ನಲ್ಲ, ಆಯಾಸವನ್ನು. ಅದೇ ಕೈ ಹಿಟ್ಟು ನಾದಲಿ, ಕಾಳು ಆರಿಸಲಿ, ಒದ್ದೆ ಬಟ್ಟೆ ಹಿಂಡಲಿ, ಮಣ್ಣು ಉಂಡೆ ಕಟ್ಟಲಿ. ಅಕ್ಷರವನ್ನು ಹಿಡಿಯುವ ಬಲ ತಾನಾಗಿ ಬೆರಳಿಗೆ ಬರುತ್ತದೆ.

ತೋಟಕ್ಕೆ ಬಿದ್ದ ಬೀಗ

ಇಷ್ಟು ನಿರುಪದ್ರವಿಯಾದ ಸಂಸ್ಥೆಯನ್ನೂ ಒಂದು ಸರ್ಕಾರ ಹೆದರಿ ನಿಷೇಧಿಸಿತೆಂದರೆ ಇಂದು ನಂಬುವುದು ಕಷ್ಟ. ೧೮೫೧ರ ಆಗಸ್ಟ್ ತಿಂಗಳಲ್ಲಿ ಪ್ರಷ್ಯಾ ರಾಜ್ಯದ ಮಂತ್ರಿ ಕಿಂಡರ್‌ಗಾರ್ಟನ್‌ಗಳನ್ನು ಮುಚ್ಚುವಂತೆ ಆಜ್ಞೆ ಹೊರಡಿಸಿದನು. ಅವು ಮಕ್ಕಳಲ್ಲಿ ನಾಸ್ತಿಕತೆಯನ್ನೂ ಸಮಾಜವಾದವನ್ನೂ ಬಿತ್ತುತ್ತವೆಯೆಂಬುದು ಆರೋಪ. ಫ್ರೋಬೆಲನ ಅಣ್ಣನ ಮಗ ಕಾರ್ಲ್ ಎಂಬಾತ ಬರೆದ ಒಂದು ಕಿರುಹೊತ್ತಗೆಯ ವಿಚಾರಗಳನ್ನು ಚಿಕ್ಕಪ್ಪನ ತಲೆಗೆ ಕಟ್ಟಲಾಗಿತ್ತು. ತಾನು ಬೇರೆ, ಆತ ಬೇರೆ ಎಂದು ವೃದ್ಧನು ವಿವರಿಸಿ ಬರೆದುಕೊಂಡರೂ ಫಲವಾಗಲಿಲ್ಲ. ಮರುವರ್ಷ, ೧೮೫೨ರ ಜೂನ್ ೨೧ರಂದು, ಆಜ್ಞೆ ಇನ್ನೂ ಜಾರಿಯಲ್ಲಿದ್ದಾಗಲೇ ಅವನು ಕಣ್ಣುಮುಚ್ಚಿದನು. ಅವನ ಸಮಾಧಿಯ ಮೇಲೆ ನಿಲ್ಲಿಸಿರುವುದು ಅವನೇ ಮಕ್ಕಳ ಕೈಗೆ ಕೊಟ್ಟ ಘನ, ಕಂಬ, ಗೋಲಗಳ ಕಲ್ಲಿನ ಪ್ರತಿರೂಪ.

ನಿಷೇಧ ತೆರವಾದದ್ದು ೧೮೬೦ರಲ್ಲಿ. ಅದಕ್ಕಾಗಿ ಹೋರಾಡಿದವರಲ್ಲಿ ಬೆರ್ಟಾ ಫಾನ್ ಮಾರೆನ್‌ಹೋಲ್ಟ್ಸ್ ಎಂಬ ಶ್ರೀಮಂತ ಮಹಿಳೆ ಪ್ರಮುಖಳು. ಅಷ್ಟರಲ್ಲಿ ಬೀಜ ಗಾಳಿಗೆ ತೂರಿ ಹೋಗಿತ್ತು. ಜರ್ಮನಿಯಿಂದ ವಲಸೆಹೋದ ಮಾರ್ಗರೆಟೆ ಶುರ್ತ್ಸ್ ಎಂಬಾಕೆ ೧೮೫೬ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ವಾಟರ್‌ಟೌನ್ ಊರಿನಲ್ಲಿ ತನ್ನ ಮಗಳನ್ನೂ ನಂಟರ ಕೆಲವು ಮಕ್ಕಳನ್ನೂ ಕೂಡಿಸಿ ಪುಟ್ಟ ಕಿಂಡರ್‌ಗಾರ್ಟನ್ ನಡೆಸಿದಳು. ಅಲ್ಲಿಂದ ಅದು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹಬ್ಬಿತು. ಒಂದು ವಿಚಿತ್ರವನ್ನು ಮಾತ್ರ ಇಲ್ಲಿ ಗಮನಿಸಬೇಕು. ಆಜ್ಞೆ ಕಾನೂನುಗಳಿಂದ ಸಾಯದ ಮಕ್ಕಳ ತೋಟ, ದೊಡ್ಡವರ ಅವಸರದ ಕೈಯಲ್ಲಿ ಸದ್ದಿಲ್ಲದೆ ಸೊರಗಿತು. ನಗರಗಳು ಬೆಳೆದು ಅಂಗಳ ಕಿರಿದಾಯಿತು. ಮುಂದಿನ ತರಗತಿಯ ಪಾಠ ಹಿಂದಿನ ತರಗತಿಗೆ ಇಳಿಯಿತು. ಬೀಗ ಹಾಕದೆಯೇ ತೋಟದ ಬಾಗಿಲು ಮುಚ್ಚಿತು.

ಭಾರತದ ಅಂಗಳಕ್ಕೆ

ಭಾರತದಲ್ಲಿ ಈ ಬಾಗಿಲನ್ನು ಮತ್ತೆ ತಟ್ಟಿದವರು ಕೆಲವರು ಮಹನೀಯರು. ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ೧೯೨೦ರಲ್ಲಿ ಬಾಲಮಂದಿರವನ್ನು ತೆರೆದರು. ರೋಮ್ ನಗರದಲ್ಲಿ ೧೯೦೭ರಲ್ಲಿ ಮಾರಿಯಾ ಮಾಂಟೆಸ್ಸೊರಿ ಆರಂಭಿಸಿದ ಪದ್ಧತಿಯನ್ನು ಅವರು ಓದಿ, ಅದಕ್ಕೆ ತಮ್ಮ ನಾಡಿನ ಕಥೆ, ಹಾಡು, ಆಟಗಳ ಉಡುಗೆ ತೊಡಿಸಿದರು. ಮೀಸೆಯುಳ್ಳ ಆ ಗಂಡಸನ್ನು ಮಕ್ಕಳ ಲೋಕ ‘ಮೀಸೆಯ ತಾಯಿ’ ಎಂದೇ ಕರೆಯಿತು. ೧೯೩೯ರಲ್ಲಿ ಮಾಂಟೆಸ್ಸೊರಿಯವರೇ ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧ ಆರಂಭವಾಗಿ, ಇಟಲಿಯ ಪ್ರಜೆಯಾದ್ದರಿಂದ ಮರಳಿ ಹೋಗಲಾಗದೆ, ಕೆಲವು ವರ್ಷ ಇಲ್ಲಿಯೇ ಉಳಿದರು. ಅದರಲ್ಲಿ ಒಂದಷ್ಟು ಕಾಲ ಕೊಡೈಕನಾಲಿನ ಬೆಟ್ಟದ ಮೇಲೆ, ಗಿಡ ಪ್ರಾಣಿಗಳ ನಡುವೆ ಮಕ್ಕಳಿಗೆ ಪಾಠ ನಡೆಯಿತು.

ಗಿಜುಭಾಯಿಯವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಲೆಬಾಳುವ ಉಪಕರಣಗಳು ಬಡವರ ಮಕ್ಕಳಿಗೆ ಎಲ್ಲಿಂದ ಬರಬೇಕು? ೧೯೪೫ರಲ್ಲಿ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮದಲ್ಲಿಯೂ, ೧೯೫೭ರಿಂದ ಕೋಸ್‌ಬಾಡ್ ಗುಡ್ಡದ ಆದಿವಾಸಿಗಳ ನಡುವೆಯೂ ಅವರು ಅನುತಾಯಿ ವಾಘ್ ಅವರೊಡನೆ ನಡೆಸಿದ ಬಾಲವಾಡಿಗಳಲ್ಲಿ ಚಿಪ್ಪು, ಕಲ್ಲು, ಬೀಜ, ಕಡ್ಡಿ, ಎಲೆಗಳೇ ಉಪಕರಣಗಳಾದವು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು.

ಕನ್ನಡನಾಡಿಗೂ ಈ ವಿಚಾರ ಹೊಸದಲ್ಲ. ‘ಶಿಶುವಿಹಾರ’ ಎಂಬ ನಮ್ಮ ಹಳೆಯ ಮಾತಿನಲ್ಲಿ ವಿಹಾರವೇ ಮುಖ್ಯ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಆಟ ಕುಣಿತಗಳಿಗೆಂದು ಎಡೆಮಾಡಿದ ತಾಣಕ್ಕೆ ‘ಬಾಲವನ’ ಎಂದೇ ಹೆಸರಾಯಿತು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮೊದಲಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಅಂದಿನಿಂದ ‘ಅಂಗನವಾಡಿ’ ಎಂಬ ಪದ ಹಳ್ಳಿಹಳ್ಳಿಯ ಮಾತಾಯಿತು. ಅಂಗಳದ ತೋಟ ಎಂಬ ಅರ್ಥ ಆ ಪದದಲ್ಲಿಯೂ ಸುಳಿಯುತ್ತದೆ. ಹೀಗೆ ಎಲ್ಲಿ ನೋಡಿದರೂ ಹೆಸರಿನಲ್ಲಿ ತೋಟ ಉಂಟು, ವನ ಉಂಟು, ವಿಹಾರ ಉಂಟು.

ನಮ್ಮ ವಸಂತ ಬೇರೆ

ಇಲ್ಲಿ ಒಂದು ಎಚ್ಚರ ಬೇಕು. ಜರ್ಮನಿಯ ವಸಂತವನ್ನು ಹಾಗೆಯೇ ತಂದು ಕನ್ನಡ ಮಕ್ಕಳ ಮುಂದೆ ಇಡಲಾಗದು. ಪರದೇಶದ ಚಿತ್ರಪುಸ್ತಕಗಳಲ್ಲಿ ವಸಂತವೆಂದರೆ ಕರಗುವ ಹಿಮ, ಟ್ಯೂಲಿಪ್ ಹೂ, ಮೊಲದ ಮರಿ. ಶರತ್ಕಾಲದಲ್ಲಿ ಉದುರಿದ ಎಲೆ ಆರು ತಿಂಗಳ ಚಳಿಯ ಅನಂತರ ಚಿಗುರುತ್ತದೆ. ನಮ್ಮಲ್ಲಿ ಹಾಗಲ್ಲ. ಮಾಘ ಫಾಲ್ಗುಣಗಳಲ್ಲಿ ಅರಳಿಯೂ ಹೊಂಗೆಯೂ ಎಲೆ ಕೊಡವಿ ನಿಲ್ಲುತ್ತವೆ. ಯುಗಾದಿಯ ಹೊತ್ತಿಗೆ ಹೊಸ ಚಿಗುರು ಬಿಸಿಲಿಗೆ ಮಿರುಗುತ್ತಿರುತ್ತದೆ. ಅಲ್ಲಿ ಅರ್ಧ ವರ್ಷ ಹಿಡಿಯುವ ಕಥೆ ಇಲ್ಲಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಬಹುಕಾಲ ನೆನಪಿನಲ್ಲಿಟ್ಟುಕೊಳ್ಳಲಾರದ ಎಳೆಯ ಮಗುವಿಗೆ ಇದಕ್ಕಿಂತ ಅನುಕೂಲವಾದ ಪಾಠ ಉಂಟೆ? ಆದರೂ ಎಷ್ಟೋ ಶಿಶುವಿಹಾರಗಳ ಮಕ್ಕಳು ಕಿಟಕಿಯಾಚೆಯ ಹೊಂಗೆಯನ್ನು ನೋಡದೆ, ಕಾಣದ ಹಿಮಕ್ಕೆ ಬಿಳಿಯ ಹತ್ತಿ ಅಂಟಿಸುತ್ತ ಕುಳಿತಿರುತ್ತಾರೆ!

ಇನ್ನೊಂದು ಭೇದವೂ ಉಂಟು. ಅಲ್ಲಿಯ ವಸಂತ ಬಿತ್ತುವ ಕಾಲ; ಇಲ್ಲಿಯದು ಒಣಗಿದ ನೆಲದ ಮೇಲೆ ಮರಗಳು ಹೂಬಿಡುವ, ಬೀಜಗಳು ಸಿಡಿದು ಹಾರುವ ಕಾಲ. ಮಾವು ಮಿಡಿಗಟ್ಟಿದೆ, ಬೇವು ಹೂ ಬಿಟ್ಟಿದೆ, ಹುಣಿಸೆ ಹಣ್ಣಾಗಿ ಮನೆಮನೆಯಲ್ಲಿ ಬೀಜ ಬಿಡಿಸುತ್ತಿದ್ದಾರೆ, ಬೂರುಗದ ಕಾಯಿ ಒಡೆದು ಅರಳೆ ಗಾಳಿಯಲ್ಲಿ ತೇಲುತ್ತಿದೆ. ಬೆಂಗಳೂರಿನ ಮಕ್ಕಳಿಗಂತೂ ಬೀದಿಯೇ ತೋಟ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್ ಎಂಬ ತೋಟಗಾರಿಕೆ ತಜ್ಞರು, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡಿಸಿದರು. ಅವರೂ ಜರ್ಮನಿಯವರೇ, ಫ್ರೋಬೆಲನ ತುರಿಂಗಿಯಾಕ್ಕೆ ನೆರೆಯದಾದ ಸ್ಯಾಕ್ಸನಿ ಸೀಮೆಯವರು. ಒಬ್ಬ ಜರ್ಮನ್ ಮಕ್ಕಳಿಗೆ ತೋಟದ ಹೆಸರು ಕೊಟ್ಟನು; ಇನ್ನೊಬ್ಬರು ಕನ್ನಡನಾಡಿನ ಮಕ್ಕಳ ದಾರಿಯ ಮೇಲೆಯೇ ಹೂ ಚೆಲ್ಲುವಂತೆ ಮಾಡಿದರು. ಎರಡನ್ನೂ ಕೂಡಿಸುವುದಷ್ಟೇ ಉಳಿದಿರುವ ಕೆಲಸ.

ಮೇಜಿನ ಮೇಲೊಂದು ಚೈತ್ರ

ಕೂಡಿಸುವುದು ಹೇಗೆ? ಅದಕ್ಕೆ ಎಕರೆಗಟ್ಟಲೆ ಭೂಮಿ ಬೇಡ. ರಾತ್ರಿ ನೆನೆಸಿದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆ ಇಣುಕುತ್ತದೆ. ಒಂದು ಬಟ್ಟಲಿನ ಕಾಳಿಗೆ ನೀರು ಉಂಟು, ಇನ್ನೊಂದಕ್ಕಿಲ್ಲ. ಮೊಳೆತ ಒಂದು ಬಟ್ಟಲು ಬಿಸಿಲಿನಲ್ಲಿ, ಇನ್ನೊಂದು ಕಪಾಟಿನ ಕತ್ತಲೆಯಲ್ಲಿ. ವಾರ ಕಳೆದಾಗ ಕತ್ತಲೆಯ ಸಸಿ ಹಳದಿಯಾಗಿ, ಬಡಕಲಾಗಿ, ಬೆಳಕನ್ನು ಹುಡುಕುತ್ತ ಉದ್ದಕ್ಕೆ ಎದ್ದು ನಿಂತಿರುತ್ತದೆ. ‘ಅದಕ್ಕೆ ಜ್ವರ ಬಂದಿದೆ’ ಎಂದು ಮಗು ಹೇಳಬಹುದು. ಉಪಾಧ್ಯಾಯಿನಿ ಅದನ್ನು ತಿದ್ದಬೇಕಾಗಿಲ್ಲ. ಬಿಸಿಲಿಗೆ ತಂದಿಟ್ಟು, ಮತ್ತೆ ಹಸುರಾಗುವುದನ್ನು ನೋಡಲು ಬಿಟ್ಟರೆ ಸಾಕು. ಬೆಳಕು ಗಿಡಕ್ಕೆ ಆಹಾರಕ್ಕೆ ದಾರಿಯೆಂಬ ವಿಜ್ಞಾನ ಮುಂದೆ ಹತ್ತು ವರ್ಷಕ್ಕೆ ಬಂದಾಗ ಅದಕ್ಕೆ ಕುಳಿತುಕೊಳ್ಳಲು ಸ್ಥಳ ಸಿದ್ಧವಾಗಿರುತ್ತದೆ.

ಬಿಳಿಯ ಸುಗಂಧರಾಜದ ದಂಟನ್ನು ಬಣ್ಣ ಕಲಸಿದ ನೀರಿನಲ್ಲಿ ನಿಲ್ಲಿಸಿದರೆ ಮರುದಿನದ ಹೊತ್ತಿಗೆ ಎಸಳಿನ ಅಂಚಿನಲ್ಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಹೂವೂ ನೀರು ಕುಡಿಯುತ್ತದೆಂಬುದನ್ನು ಕಣ್ಣು ನಂಬುತ್ತದೆ. ಉದುರಿದ ಅರಳಿ ಎಲೆಯ ಮೇಲೆ ತೆಳು ಕಾಗದವಿಟ್ಟು ಬಣ್ಣದ ಕಡ್ಡಿಯನ್ನು ಉಜ್ಜಿದರೆ ನರಗಳ ಬಲೆ ಎದ್ದು ಬರುತ್ತದೆ. ಬೀದಿಯಲ್ಲಿ ಬಿದ್ದ ಹೂಗಳನ್ನು ಬಣ್ಣಕ್ಕೊಂದು, ಅಳತೆಗೊಂದು ಗುಂಪು ಮಾಡಿದರೆ ಗಣಿತದ ಮೊದಲ ಪಾಠ ಮುಗಿದಂತೆ. ಹುಣಿಸೆಯ ಬೀಜವನ್ನು ಹತ್ತರ ಸಾಲಿನಲ್ಲಿ ಜೋಡಿಸಬಹುದು, ಎರಡು ಪಾಲು ಮಾಡಬಹುದು, ಒಂದು ಉಳಿದಾಗ ಯಾರಿಗೆ ಕೊಡಬೇಕೆಂದು ಜಗಳವಾಡಿ ರಾಜಿಯಾಗಬಹುದು. ಆದರೆ ಬೀಜಗಳು ಮೂಗು ಬಾಯಿಗಳಿಗೆ ಸೇರದಂತೆ ಹಿರಿಯರ ಕಣ್ಣು ಎಂದೂ ಅವುಗಳ ಮೇಲಿರಬೇಕು.

ಕುಂಡದಲ್ಲಿ ಒಂದು ನಿಂಬೆಯ ಗಿಡವಿದ್ದರೆ ಚಿಟ್ಟೆ ಹುಡುಕಿಕೊಂಡು ಬರುವುದುಂಟು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು. ಕೆಲವು ದಿನಗಳಲ್ಲಿ ಅದೇ ಹಸುರು ಹುಳುವಾಗಿ ಎಲೆಯನ್ನೆಲ್ಲ ಮೇಯುತ್ತದೆ. ಆಮೇಲೆ ದಾರದಲ್ಲಿ ತನ್ನನ್ನು ಕಟ್ಟಿಕೊಂಡು ಕೋಶವಾಗಿ ಸುಮ್ಮನಾಗುತ್ತದೆ. ಒಂದು ಬೆಳಿಗ್ಗೆ ಚಿಟ್ಟೆ ಹೊರಬಂದು ರೆಕ್ಕೆ ಒಣಗಿಸಿಕೊಳ್ಳುತ್ತಿರುವುದನ್ನು ಕಂಡ ಮಗು, ಮರುದಿನ ಹುಳುವನ್ನು ಕಾಲಿನಿಂದ ಹೊಸಕಲು ಹಿಂಜರಿಯುತ್ತದೆ. ಅಹಿಂಸೆಯ ಪಾಠಕ್ಕೆ ಇಷ್ಟು ಸಾಕು.

ಯುಗಾದಿಯ ಬೇವು ಬೆಲ್ಲವನ್ನೇ ಎತ್ತಿಕೊಳ್ಳಿ. ಮನೆಯಲ್ಲಿ ಅದು ಹಬ್ಬ; ಶಿಶುವಿಹಾರದಲ್ಲಿ ಅದು ನಾಲಗೆಯ ಪಾಠ. ಬೇವಿನ ಹೂ ಕಹಿ, ಬೆಲ್ಲ ಸಿಹಿ, ಮಾವಿನ ಮಿಡಿ ಹುಳಿ, ಹುಣಿಸೆಯದು ಇನ್ನೊಂದು ಬಗೆಯ ಹುಳಿ. ಮಕ್ಕಳೇ ಬೆಲ್ಲ ಕುಟ್ಟಲಿ, ಹೂ ಬಿಡಿಸಲಿ, ಬಟ್ಟಲಿಗೆ ಹಂಚಲಿ. ನಮ್ಮ ತಾಯಂದಿರು ಅಂಗಳದಲ್ಲಿ ಚುಕ್ಕಿಯಿಟ್ಟು ಗೆರೆ ಕೂಡಿಸುವ ರಂಗೋಲಿಯನ್ನು ಫ್ರೋಬೆಲ್ ಕಂಡಿದ್ದರೆ ಅದನ್ನು ತನ್ನ ಕೊಡುಗೆಗಳ ಸಾಲಿಗೆ ಸೇರಿಸುತ್ತಿದ್ದನೋ ಏನೋ!

ತಂದೆತಾಯಿಗಳ ಪಾಲು

ಇದಕ್ಕೆಲ್ಲ ಅಡ್ಡಬರುವುದು ಹಣವಲ್ಲ, ಜಾಗವೂ ಅಲ್ಲ; ನಿರೀಕ್ಷೆ. ಸಂಜೆ ಮಗು ಮನೆಗೆ ಬಂದೊಡನೆ ‘ಇಂದು ಏನು ಬರೆಸಿದರು?’ ಎಂದು ಕೇಳುವ ಮನೆಗಳೇ ಹೆಚ್ಚು. ಬರೆಸದಿದ್ದರೆ ಶಾಲೆಯ ಮೇಲೆ ದೂರು. ಅಂಗಿಗೆ ಮಣ್ಣು ಮೆತ್ತಿದ್ದರೆ ಇನ್ನೊಂದು ದೂರು. ಉಪಾಧ್ಯಾಯಿನಿಯೂ ಮನುಷ್ಯಳೇ ಅಲ್ಲವೆ? ತೋರಿಸಲು ಸುಲಭವಾದದ್ದು ತುಂಬಿದ ಪುಸ್ತಕ. ತೋರಿಸಲು ಬಾರದ್ದು ಮಗುವಿನೊಳಗೆ ಮೂಡಿದ ಕುತೂಹಲ. ಹೀಗಾಗಿ ಆಕೆ ಪುಸ್ತಕವನ್ನೇ ತುಂಬಿಸುತ್ತಾಳೆ. ಮೇಲಾಗಿ, ನಮ್ಮ ಶಾಲೆಗಳ ವರ್ಷ ಮುಗಿಯುವುದೂ ಇದೇ ಋತುವಿನಲ್ಲಿ. ಹೊರಗೆ ಚಿಗುರು ಮೂಡುವ ವಾರಗಳಲ್ಲಿ ಒಳಗೆ ವಾರ್ಷಿಕೋತ್ಸವದ ಕುಣಿತದ ಅಭ್ಯಾಸ, ಪರೀಕ್ಷೆಯೆಂಬ ಹೆಸರಿನ ವಿಚಾರಣೆ. ಅದು ಮುಗಿಯಿತೆಂದರೆ ರಜೆ.

ಸರ್ಕಾರದ ನೀತಿಯೇನೋ ಈಗ ಮಕ್ಕಳ ಪರವಾಗಿಯೇ ಮಾತನಾಡುತ್ತಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ತಳಹದಿಯ ಹಂತವೆಂದು ಕರೆದು, ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಕೆ ನಡೆಯಬೇಕೆಂದಿದೆ. ಆದರೆ ನೀತಿ ಕಾಗದದಿಂದ ಅಂಗಳಕ್ಕೆ ಇಳಿಯಬೇಕಾದರೆ ಮನೆಯ ಮಾತು ಬದಲಾಗಬೇಕು. ‘ಏನು ಬರೆದೆ?’ ಎಂಬ ಪ್ರಶ್ನೆಯ ಬದಲು ‘ಏನು ನೋಡಿದೆ? ಏನು ಮಾಡಿದೆ?’ ಎಂದು ಒಂದು ವಾರ ಕೇಳಿ ನೋಡಬಹುದು. ಉತ್ತರ ಮೊದಲ ದಿನ ಬರದಿದ್ದರೂ ಮೂರನೆಯ ದಿನ ಬರುತ್ತದೆ. ಶಾಲೆಯಲ್ಲಿ ತೋಟವಿಲ್ಲದಿದ್ದರೆ ಮನೆಯ ಜಗಲಿಯ ಮೇಲೆ ಒಡೆದ ಬಕೆಟ್ಟೊಂದು ಸಾಕು; ಅದರಲ್ಲಿ ಒಂದು ಹಿಡಿ ಮೆಂತ್ಯ, ಪಕ್ಕದಲ್ಲಿ ಹಕ್ಕಿಗಳಿಗೊಂದು ನೀರಿನ ತಟ್ಟೆ. ಆದರೆ ಆ ಬಕೆಟ್ಟು ಮಗುವಿನದಾಗಿರಬೇಕು. ಮಗು ನೀರೆರೆಯಲು ಮರೆತ ದಿನ ತಾಯಿ ಗುಟ್ಟಾಗಿ ನೀರು ಹಾಕಿ ಗಿಡವನ್ನು ಉಳಿಸಿದರೆ ಗಿಡ ಉಳಿದೀತು, ಪಾಠ ಒಣಗೀತು.

ಹಾಗೆಂದು ಅಕ್ಷರ ಬೇಡವೆಂದಲ್ಲ. ತನ್ನ ಬಕೆಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ತನ್ನ ಹೆಸರಿರುವುದನ್ನು ಕಂಡ ಮಗು, ಒಂದು ದಿನ ಆ ಹೆಸರನ್ನು ತಾನೇ ಬರೆಯಲು ಹಟಹಿಡಿಯುತ್ತದೆ. ‘ಇದು ಮೆಂತ್ಯ’ ಎಂದು ಬರೆದುಕೊಡೆಂದು ಪೀಡಿಸುತ್ತದೆ. ಆಗ ಅಕ್ಷರ ಹೊರಗಿನಿಂದ ಹೇರಿದ ಹೊರೆಯಲ್ಲ. ತನ್ನ ಬೆಳೆಗೆ ತಾನೇ ಇಡುವ ಬೇಲಿ. ಬ್ಲಾಂಕೆನ್‌ಬುರ್ಗಿನ ವೃದ್ಧನು ಪ್ರತಿ ಪಾತಿಗೂ ಹೆಸರಿನ ಪಟ್ಟಿ ಇರಬೇಕೆಂದದ್ದು ಸುಮ್ಮನಲ್ಲ.

ಚೈತ್ರ ವರ್ಷವರ್ಷವೂ ಬರುತ್ತದೆ. ಹೊಂಗೆ ವರ್ಷವರ್ಷವೂ ಚಿಗುರುತ್ತದೆ. ಮಗುವಿಗೆ ನಾಲ್ಕು ವರ್ಷವಾಗಿರುವ ಚೈತ್ರ ಮಾತ್ರ ಒಂದೇ ಸಲ ಬರುತ್ತದೆ. ಈ ಸಲದ ಯುಗಾದಿಗೆ ಹೊಸ ಅಂಗಿ ತರಲು ಪೇಟೆಗೆ ಹೋಗುವವರು ಹಿಂದಿರುಗುವಾಗ ನಾಲ್ಕಾಣೆಯಷ್ಟು ತೂಕದ ಮೆಂತ್ಯದ ಪೊಟ್ಟಣವೊಂದನ್ನೂ ತಂದು ಮಗುವಿನ ಕೈಗಿಟ್ಟರೆ, ‘ಎಲ್.ಕೆ.ಜಿ.’ ಎಂಬುದರ ಕೊನೆಯ ಅಕ್ಷರಕ್ಕೆ ಅದರ ಅರ್ಥವನ್ನು ಹಿಂದಿರುಗಿಸಿದಂತಾಗುತ್ತದೆ.